ನಾಗನೂರಕ್ಕ ಇಳಿಸ್ರಿ

ಕೆನಡಾದಿಂದ ಕಾಗದ ಬಂತು. ಕಾಗದ ಅಂದರೆ ಕಾಗದವಲ್ಲ, ಕಾಗದದ ಫೋಟೊ; ಮೊಬೈಲಿಗೆ ಬಂದದ್ದು. ಟೊರಾಂಟೊದಲ್ಲಿರುವ ತಮ್ಮನ ಮಗ ಕಳಿಸಿದ್ದ. ಅವನ ಮಗಳಿಗೆ ಈಗ ಹನ್ನೊಂದು. ಜುಲೈ, ಆಗಸ್ಟಿನಲ್ಲಿ ಅಲ್ಲಿಯ ಶಾಲೆಗಳಿಗೆ ಸೂಟಿ. ಗಂಡ ಹೆಂಡತಿ ಇಬ್ಬರಿಗೂ ರಜೆ ಸಿಕ್ಕಿಲ್ಲ, ಹುಡುಗಿ ಮಾತ್ರ ಊರಿಗೆ ಹೋಗಲೇಬೇಕು ಅಂತ ಹಟ ಹಿಡಿದು ಕೂತಿದ್ದಾಳೆ. ಅವರ ಓಣಿಯಲ್ಲೇ ಇರುವ ಧಾರವಾಡದ ಹೆಣ್ಣುಮಗಳೊಬ್ಬರು ಬೆಂಗಳೂರಿಗೆ ಹೊರಟಿದ್ದರು, ಅವರ ಜೋಡಿ ಕಳಿಸುವುದು ಅಂತ ಆಯಿತು. ಬೆಂಗಳೂರಿನಿಂದ ನಾಗನೂರಕ್ಕೆ ತರುವುದು ನನ್ನ ಪಾಲಿನ ಕೆಲಸ.

ಕಾಗದದ ತಾತ್ಪರ್ಯ ಇಷ್ಟು: ಕೆಳಗೆ ಸಹಿ ಮಾಡಿದ ನಾವು ಈ ಮಗುವಿನ ತಂದೆತಾಯಿಗಳು. ನಮ್ಮ ಮಗಳು ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ, ಇಂಥವರ ಜೋಡಿ ಹೋಗಿ, ಇಂಥವರ ಮನೆಯಲ್ಲಿ ಇರುವುದಕ್ಕೆ ನಮ್ಮ ಒಪ್ಪಿಗೆ ಇದೆ. ಕೆಳಗೆ ಅಲ್ಲಿಯ ನೋಟರಿಯ ಶಿಕ್ಕಾ. ಮನೆಯವರ ಹೆಸರು ಇರಬೇಕಾದಲ್ಲಿ ನನ್ನ ಹೆಸರು, ಅದರ ಮುಂದೆ ಸಂಬಂಧ ಅಂತ ಒಂದು ಕಾಲಂ. ಅದರಲ್ಲಿ ‘ಗ್ರ್ಯಾಂಡ್ ಅಂಕಲ್’ ಅಂತ ಬರೆದಿದ್ದ. ನನ್ನ ಹೆಂಡತಿಗೆ ಓದಿ ಹೇಳಿದೆ. “ಮದವಿ ಹಾಲಿನ ಹೆಸರ ಇದ್ದಂಗ ಐತಲ್ರಿ” ಅಂದಳು. ಅಜ್ಜನ ಅಣ್ಣನಿಗೂ ಅಜ್ಜ ಅನ್ನುವ ಊರು ನಮ್ಮದು. ಅದನ್ನು ಇಂಗ್ಲಿಷಿಗೆ ತಿಳಿಸುವುದು ಕಷ್ಟ.

ಅದಿರಲಿ. ನನಗೆ ಚುಚ್ಚಿದ್ದು ವಿಳಾಸ. ‘ನಾಗನೂರ, ತಾಲೂಕು ಗೋಕಾಕ’ ಅಂತಿತ್ತು. ಅವನು ದೇಶ ಬಿಟ್ಟಾಗ ನಾವು ಗೋಕಾಕ ತಾಲೂಕಿನವರೇ. ಆಮೇಲೆ ಮೂಡಲಗಿ ಬೇರೆ ತಾಲೂಕು ಆಯಿತು, ನಾವು ಅದರೊಳಗೆ ಹೋದೆವು. ಕೂಡಲೇ ಫೋನ್ ಮಾಡಿದೆ. ತಾಲೂಕು ತಿದ್ದು ಅಂದೆ.

“ದೊಡ್ಡಪ್ಪ, ನೋಟರಿ ಆಗಿ ಹೋಗೈತಿ. ಮತ್ತ ಮಾಡ್ಸಿದ್ರ ಮತ್ತ ರೊಕ್ಕ. ಏರ್‌ಪೋರ್ಟಿನ್ಯಾಗ ತಾಲೂಕ ಯಾರ್ ಓದ್ತಾರ್ರಿ?”

“ತಾಲೂಕ ತಪ್ಪಿದ್ರ ಏನ್ ಆಗ್ತೈತಿ ಅನ್ನೂದು ನನಗ ಗೊತ್ತೈತಿ” ಅಂದೆ.

ಅವನು ನಕ್ಕ. ಅವನಿಗೆ ಗೊತ್ತಿಲ್ಲದ ಕಥೆ ಇದು.

1972ರ ಬೇಸಿಗೆ. ನನಗೆ ಒಂಬತ್ತು ವರ್ಷ, ಮೂರನೇ ಇಯತ್ತೆ ಮುಗಿದಿತ್ತು. ರಾಜ್ಯಕ್ಕೆ ಇನ್ನೂ ಮೈಸೂರು ಅಂತಲೇ ಹೆಸರು. ಕರ್ನಾಟಕ ಆದದ್ದು ಮರುವರ್ಷದ ನವೆಂಬರ್ 1ಕ್ಕೆ. ಬಸ್ಸು ಓಡಿಸುತ್ತಿದ್ದದ್ದೂ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ. ಬರಗಾಲದ ದಿನ. ಮನೆಯಲ್ಲಿ ಉಣ್ಣುವ ಬಾಯಿ ಒಂದು ಕಡಿಮೆಯಾಗಲಿ ಅಂತಲೋ ಏನೋ ನನ್ನನ್ನು ಅವ್ವನ ತವರು ಸಂಕೇಶ್ವರಕ್ಕೆ ಕಳಿಸಿದ್ದರು. ತಿಂಗಳು ಇದ್ದು ಬಂದೆ. ಬರುವ ದಿನ ಮಾವ ಒಂದು ಗಂಟು ಒಣಮೆಣಸಿನಕಾಯಿ ಕಟ್ಟಿ ಕೊಟ್ಟ. ಸಂಕೇಶ್ವರದ ಮೆಣಸಿನಕಾಯಿ ಅಂದರೆ ಸುಮ್ಮನೆ ಅಲ್ಲ, ಗಂಟು ಬಿಚ್ಚದಿದ್ದರೂ ಅದು ಬಂದದ್ದು ಎಲ್ಲರಿಗೂ ಗೊತ್ತಾಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಮಾವ ನಡೆಸಿದ ಸಂಭಾಷಣೆ ನನಗೆ ಇವತ್ತಿಗೂ ಬಾಯಿಪಾಠ.

“ಕಂಡಕ್ಟರ್ರ, ಈ ಗಾಡಿ ನಾಗನೂರ ಮ್ಯಾಲೆ ಹೋಗ್ತೈತಿಲ್ರಿ?”

“ಹೋಗ್ತೈತಿ, ಏರಸ್ರಿ.”

“ಹುಡುಗ ಒಬ್ಬನ ಅದಾನ್ರಿ. ನಾಗನೂರಕ್ಕ ಇಳಿಸ್ರಿ. ಅವರಪ್ಪ ಬಂದು ನಿಂತಿರ್ತಾನ.”

ಇಷ್ಟೇ ಪರವಾನಗಿ. ಯಾರು ಹೊರಟವರು, ಯಾರು ಕಳಿಸಿದವರು, ಎಲ್ಲಿಗೆ, ಅಲ್ಲಿ ಯಾರು ಕೈಹಿಡಿದು ಇಳಿಸಿಕೊಳ್ಳುವವರು, ಎಲ್ಲವೂ ಬಂತು. ಕೆನಡಾದ ಕಾಗದದಲ್ಲಿ ಇದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ಸಾಕ್ಷಿಗೆ ಬಸ್ಸಿನ ತುಂಬ ಮಂದಿ. ಕಂಡಕ್ಟರ್ ಅರ್ಧ ಟಿಕೆಟ್ ಹರಿದು, ನನ್ನನ್ನು ಬಾಗಿಲ ಬಳಿಯ ಸೀಟಿನಲ್ಲಿ ಕೂಡಿಸಿದ. ಮುಂದಿನ ಎರಡು ಸೀಟಿನವರು ಸೀನತೊಡಗಿದರು. ಹಿಂದಿನವರೂ ಸೇರಿಕೊಂಡರು. ಕಂಡಕ್ಟರ್ ಮೂಗಿಗೆ ಟವೆಲ್ ಒತ್ತಿಕೊಂಡು, “ಈ ಹುಡುಗನ್ನ ಲಗೂನ ಇಳಿಸಬೇಕಪ್ಪ” ಅಂದ. ಆ ಮಾತಿಗೂ ಮುಂದೆ ಆದದ್ದಕ್ಕೂ ಸಂಬಂಧ ಇದೆಯೋ ಇಲ್ಲವೋ ನಾನು ಹೇಳಲಾರೆ.

ಬೆಳಗಾವಿ ಜಿಲ್ಲೆಯಲ್ಲಿ ಯಾವುದಕ್ಕೆ ಬರ ಬಂದರೂ ನಾಗನೂರುಗಳಿಗೆ ಬರ ಬಂದದ್ದಿಲ್ಲ. ಹುಕ್ಕೇರಿ ಸೀಮೆಯಲ್ಲಿವೆ, ಅಥಣಿ ಕಡೆ ಇವೆ, ಬೈಲಹೊಂಗಲದ ಕಡೆ ಇದೆ. ಬೆಳಗಾವಿ ಪೇಟೆಯಲ್ಲೇ ನಾಗನೂರು ರುದ್ರಾಕ್ಷಿ ಮಠ ಇದೆ. ಕಂಡಕ್ಟರ್ ಮಾತಿಗೆ ತಪ್ಪಲಿಲ್ಲ. ನಾಗನೂರ ಬಂತು, ಇಳಿಸಿದ. ಹುಕ್ಕೇರಿ ತಾಲೂಕಿನ ನಾಗನೂರ.

ಅಪ್ಪ ಇರಲಿಲ್ಲ. ಗುಡಿ ಇತ್ತು, ಆದರೆ ನಮ್ಮ ಗುಡಿಯಲ್ಲ. ಕಟ್ಟೆಯ ಮೇಲೆ ಕೂತವರು “ಯಾರ ಮಗಾ ನೀ?” ಅಂತ ಕೇಳಿದರು. ಅಪ್ಪನ ಹೆಸರು ಹೇಳಿದೆ. ಆ ಹೆಸರಿನವರು ಊರಲ್ಲಿ ಮೂವರಿದ್ದರು. ಮೂರೂ ಮನೆಗೆ ನನ್ನನ್ನು ಮೆರವಣಿಗೆ ಮಾಡಿದರು. ಮೊದಲನೆಯವನಿಗೆ ಮದುವೆಯೇ ಆಗಿರಲಿಲ್ಲ. ಎರಡನೆಯವನು ಹೊಲಕ್ಕೆ ಹೋಗಿದ್ದ, ಅವನ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಂಡ ಬರಲಿ ಕೇಳುತ್ತೇನೆ ಅಂದಳು. ಆಕೆಯ ದನಿ ನನಗೆ ಆಗ ಅರ್ಥವಾಗಲಿಲ್ಲ. ಮೂರನೆಯವನು ಹೊಸ್ತಿಲಲ್ಲೇ ನಿಂತು, “ನನಗಿರೂವು ಏಳು. ಮುಂಜಾನಿ ಎಣಿಸೀನಿ, ಏಳೂ ಅದಾವು” ಅಂದ.

ಕಡೆಗೆ ಒಬ್ಬಾಕೆ ಮುದುಕಿ, “ಹುಡುಗನ ಹೊಟ್ಟಿ ನೋಡ್ರಿ ಮೊದಲ, ಅಪ್ಪನ್ನ ಆಮ್ಯಾಲ ಹುಡುಕೀರಂತ” ಅಂತ ನನ್ನನ್ನು ಒಳಗೆ ಕರೆದು ರೊಟ್ಟಿ, ಮಜ್ಜಿಗೆ, ಶೇಂಗಾ ಚಟ್ನಿ ಹಾಕಿದಳು. ಬರಗಾಲದ ವರ್ಷ ಅಂತ ಮೇಲೆ ಹೇಳಿದ್ದೇನೆ. ಉಂಡಾದ ಮೇಲೆ ಆಕೆಯೇ ವಿಚಾರಣೆ ನಡೆಸಿದಳು. ತಾಲೂಕು ಯಾವುದು ಅಂತ ಕೇಳಲಿಲ್ಲ, ಕೇಳಿದ್ದರೂ ನನಗೆ ಗೊತ್ತಿರಲಿಲ್ಲ. ಆಕೆ ಕೇಳಿದ್ದು ಒಂದೇ ಪ್ರಶ್ನೆ:

“ಮಗಾ, ನಿಮ್ಮವ್ವ ಸಂತಿ ಎಲ್ಲಿ ಮಾಡ್ತಾಳ?”

“ಮೂಡಲಗಿ ಸಂತಿ.”

“ಅಯ್ಯ! ಹಂಗಾದ್ರ ಇಂವ ಆ ನಾಗನೂರಾಂವ!” ಅಂತ ಇಡೀ ಓಣಿ ಒಟ್ಟಿಗೆ ಅಂದಿತು.

ಕೊನೆಯ ಬಸ್ಸು ಹೋಗಿತ್ತು. ರಾತ್ರಿ ಮುದುಕಿಯ ಮನೆಯಲ್ಲಿ ಮಲಗಿದೆ. ಮುಂಜಾನೆ ಗೋಕಾಕಕ್ಕೆ ಹೊರಟಿದ್ದ ಒಬ್ಬರ ಕೈಗೆ ನನ್ನನ್ನು ಒಪ್ಪಿಸಿದರು. ಅವರು ಗೋಕಾಕದಲ್ಲಿ ಇನ್ನೊಬ್ಬ ಕಂಡಕ್ಟರ್ ಕೈಗೆ ಒಪ್ಪಿಸಿ, ಮೂಡಲಗಿ ಹಾದಿಯ ನಾಗನೂರ ಅಂತ ಎರಡು ಸಲ ಹೇಳಿದರು. ನಾನು ಮನೆ ಮುಟ್ಟಿದಾಗ ಅಪ್ಪ ಎತ್ತಿಗೆ ನೀರು ಕುಡಿಸುತ್ತಿದ್ದ. ಅವನಿಗೆ ಗಾಬರಿಯೇ ಆಗಿರಲಿಲ್ಲ. ನಿನ್ನೆ ಸಂಜೆ ಎರಡು ಬಸ್ಸು ನೋಡಿ, ಭಾವ ಇನ್ನೊಂದು ದಿನ ಇಟ್ಟುಕೊಂಡಿರಬೇಕು ಅಂತ ಮನೆಗೆ ಹೋಗಿದ್ದ. ಮಾವ ಅಲ್ಲಿ, ಹುಡುಗ ಮುಟ್ಟಿರಬೇಕು ಅಂತ ಮಲಗಿದ್ದ. ಫೋನು ಇಲ್ಲದಿದ್ದುದರಿಂದ ಎರಡೂ ಮನೆಯವರಿಗೆ ಒಳ್ಳೆಯ ನಿದ್ದೆ. ಗಾಬರಿಯಾದದ್ದು ಅವ್ವನಿಗೆ, ಅದೂ ಗಂಟು ಬಿಚ್ಚಿದ ಮೇಲೆ: “ಮೆಣಸಿನಕಾಯಿ ಕಡಿಮಿ ಅದಾವಲ್ಲೋ!” ಮುದುಕಿಗೆ ಒಂದು ಬೊಗಸೆ ಕೊಟ್ಟು ಬಂದಿದ್ದೆ.

ಮುಂದೆ ನಾನು ಮಾಸ್ತರ ಆದೆ. ಹುಡುಗರನ್ನು ಒಯ್ಯುವ ಪರವಾನಗಿಯ ಇನ್ನೊಂದು ಮಗ್ಗುಲು ಆಗ ಕಂಡಿತು. ಶಾಲೆಯಿಂದ ಗೋಕಾಕ ಫಾಲ್ಸಿಗೆ ಹೊರಟರೂ ಬಿಇಓ ಕಚೇರಿಯ ಅನುಮತಿ ಬೇಕು, ಪ್ರತಿ ಹುಡುಗನ ಪಾಲಕರ ಒಪ್ಪಿಗೆ ಪತ್ರ ಬೇಕು. ಬೇಕೇ ಬೇಕು, ಘಟಪ್ರಭೆ ಅಲ್ಲಿ 52 ಮೀಟರ್ ಮೇಲಿಂದ ಧುಮುಕುತ್ತದೆ, ತೂಗುಸೇತುವೆ ಬೇರೆ. ಒಂದು ವರ್ಷ ಒಪ್ಪಿಗೆ ಪತ್ರ ಹಂಚಿ, ಮರುದಿನ ವಾಪಸು ಪಡೆದೆ. ಮೂವತ್ತಕ್ಕೂ ಹೆಚ್ಚು ಹೆಬ್ಬೆಟ್ಟು. ಊರಲ್ಲಿ ಹೆಬ್ಬೆಟ್ಟಿನವರು ಕಡಿಮೆಯಾಗುತ್ತಿದ್ದಾರೆ ಅಂದುಕೊಂಡಿದ್ದವನು ನಾನು. ಬೆಳಕಿಗೆ ಹಿಡಿದು ನೋಡಿದರೆ ಎಲ್ಲ ಹೆಬ್ಬೆಟ್ಟಿನ ಮೇಲೂ ಒಂದೇ ಜಾಗದಲ್ಲಿ ಕುಡುಗೋಲಿನ ಗಾಯದ ಗುರುತು. ವರ್ಗದಲ್ಲಿ ಒಬ್ಬನ ಬಲಗೈ ಹೆಬ್ಬೆರಳು ಕಬ್ಬು ಕಡಿಯುವಾಗ ಕೊಯ್ದಿತ್ತು, ಅವನ ಅಪ್ಪನ ಅಂಗಡಿಯಲ್ಲಿ ಶಾಯಿ ಪ್ಯಾಡೂ ಇತ್ತು. ಒಂದು ಹೆಬ್ಬೆಟ್ಟಿಗೆ ಒಂದು ಪೆಪ್ಪರಮೆಂಟು. ನೋಟರಿಯ ದರಕ್ಕೆ ಹೋಲಿಸಿದರೆ ಹೆಚ್ಚಲ್ಲ.

ಅಪ್ರಾಪ್ತ ವಯಸ್ಕ ಅಂದರೆ ಯಾರು ಅನ್ನುವುದೇ ನಮ್ಮಲ್ಲಿ ಸರಳ ಪ್ರಶ್ನೆಯಲ್ಲ. 1875ರ ಕಾಯ್ದೆಯಿಂದ ಹದಿನೆಂಟು ಅಂತ ಗಟ್ಟಿಯಾಗಿದೆ, ಸರಿ. ಹದಿನೆಂಟು ಎಲ್ಲಿಂದ ಎಣಿಸುವುದು? ರೈಲಿನಲ್ಲಿ ಐದು ತುಂಬುವವರೆಗೆ ಟಿಕೆಟ್ ಇಲ್ಲ, ಬಸ್ಸಿನಲ್ಲಿ ಆರು ತುಂಬುವವರೆಗೆ ಇಲ್ಲ, ಅಲ್ಲಿಂದ ಹನ್ನೆರಡರವರೆಗೆ ಅರ್ಧ. ಹೀಗಾಗಿ ಒಂದೇ ಮಗುವಿಗೆ ಘಟಪ್ರಭಾ ಸ್ಟೇಶನ್ನಿನಲ್ಲಿ ನಾಲ್ಕು ವರ್ಷ, ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ ಐದು, ಶಾಲೆಗೆ ಹಾಕಲು ಬಂದಾಗ ಏಕ್‌ದಮ್ ಆರು. ತಾರೀಖು ಕೇಳಿದರೆ, “ಮಾನೌಮಿ ಮುಂದ ಹುಟ್ಟೈತ್ರಿ, ನೀವ ಒಂದ್ ಬರಕೋರಿ” ಅನ್ನುತ್ತಿದ್ದರು. ನಾವು ಬರೆದುಕೊಳ್ಳುತ್ತಿದ್ದೆವು: ಜೂನ್ 1. ಜೂನ್ 1ಕ್ಕೆ ಕರ್ನಾಟಕದಲ್ಲಿ ಇಷ್ಟು ಜನರ ಹುಟ್ಟುಹಬ್ಬ ಯಾಕೆ ಬರುತ್ತದೆ ಅಂತ ಹೊಸ ಹುಡುಗರು ಬೆರಗಾಗುತ್ತಾರೆ. ಅದರಲ್ಲಿ ಕೆಲವು ನನ್ನ ಕೈಬರಹದವು. ಈಗ ಆ ಅಧಿಕಾರವೂ ಹೋಯಿತು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರ ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರ ಒಂದೇ ಪುರಾವೆ, ಮಾಸ್ತರ ಬರೆದದ್ದು ನಡೆಯುವುದಿಲ್ಲ.

ಪಾಸ್‌ಪೋರ್ಟಿನ ಮಾತು ಬಂತು. ಕೆನಡಾದ ಹುಡುಗಿ ಬರುವಳು ಅಂದಕೂಡಲೇ, ಗೋಕಾಕದಲ್ಲಿರುವ ನನ್ನ ಮಗಳ ಮಗನಿಗೂ ಕೆನಡಾ ನೋಡುವ ಚಪಲ ಹುಟ್ಟಿತು. ಮಕ್ಕಳ ಪಾಸ್‌ಪೋರ್ಟು ಐದು ವರ್ಷಕ್ಕೆ ಅಥವಾ ಹದಿನೆಂಟು ತುಂಬುವವರೆಗೆ, ಯಾವುದು ಮೊದಲೋ ಅಲ್ಲಿಗೆ. ಅದಕ್ಕೆ ‘ಅನುಬಂಧ ಡಿ’ ಅಂತ ಒಂದು ಘೋಷಣೆ, ತಾಯಿ ತಂದೆ ಇಬ್ಬರೂ ಸಹಿ ಮಾಡಬೇಕು. ನಾನು ಹಳೇ ಕಾಲದವನು, ಸಹಿ ಅಂದರೆ ಅದರ ಮೇಲೆ ಶಿಕ್ಕಾ ಬೇಕು ಅಂತ ಕೋರ್ಟಿನ ಹತ್ತಿರದ ಒಬ್ಬ ನೋಟರಿ ವಕೀಲರ ಬಳಿ ಹೋದೆ. ಅವರು ಓದಿ, “ಮಾಸ್ತರ್ರ, ಇದಕ್ಕ ನೋಟರಿ ಬ್ಯಾಡ್ರಿ. 2016ರ ಡಿಸೆಂಬರದಾಗನ ತಗದಾರ. ಸಾದಾ ಹಾಳ್ಯಾಗ ಸಹಿ ಮಾಡಿದ್ರ ಸಾಕು” ಅಂದರು. ನನ್ನ ಮುಖ ಸಣ್ಣಗಾದದ್ದು ಕಂಡಿತೇನೋ, “ಹೊಡೀಲೇನ್ರಿ ಒಂದು?” ಅಂದರು. ಹೊಡೆಸಿಕೊಂಡು ಬಂದೆ. ಇನ್ನೊಂದು ಸಾದಾ ಹಾಳೆಯಲ್ಲಿ ಬರೆಸಿ ಅದನ್ನೇ ಕೊಟ್ಟರು ಮಗಳು, ಅಳಿಯ. ಶಿಕ್ಕಾ ಇದ್ದದ್ದು ನನ್ನ ಟ್ರಂಕಿನಲ್ಲಿದೆ.

ನಿವೃತ್ತರಾದವರಿಗೆ ಒಂದು ಕಾಗದ ಸಿಕ್ಕರೆ ಸಾಕು, ಬುಡ ಹುಡುಕಿಕೊಂಡು ಹೋಗುತ್ತೇವೆ. ಆಗ ತಿಳಿದದ್ದು, ತಮ್ಮನ ಮಗ ಕಳಿಸಿದ ಒಪ್ಪಿಗೆ ಪತ್ರ ಕೆನಡಾದಲ್ಲಿ ಕಾಯ್ದೆಯೇ ಅಲ್ಲ. ಅಲ್ಲಿಯ ಸರ್ಕಾರ ಇರಲಿ ಅಂತ ಒತ್ತಿ ಹೇಳುತ್ತದೆ, ಅಷ್ಟೇ. ನಮ್ಮ ಕಚೇರಿಗಳಲ್ಲಿ “ಕಡ್ಡಾಯ ಇಲ್ರಿ, ತಂದ್ರ ಚಲೋ” ಅನ್ನುತ್ತಾರಲ್ಲ, ಆ ಜಾತಿ. ನಮ್ಮ ಹುಡುಗರು ಡಾಕ್ಟರಿಕೆ ಓದಲು ಹೋಗುವ ಫಿಲಿಪ್ಪೀನ್ಸಿನಲ್ಲಿ ಹಾಗಲ್ಲ. ಅಲ್ಲಿಯ ಹದಿನೆಂಟರೊಳಗಿನ ಮಗು ಒಬ್ಬಂಟಿಯಾಗಿ, ಇಲ್ಲವೇ ತಂದೆತಾಯಿ ಅಲ್ಲದವರ ಜೋಡಿ ದೇಶ ಬಿಡುವುದಿದ್ದರೆ ಸಮಾಜ ಕಲ್ಯಾಣ ಇಲಾಖೆಯ ಪರವಾನಗಿ ಇಲ್ಲದೆ ವಿಮಾನ ಹತ್ತುವಂತಿಲ್ಲ. ಹೊರಗಿನಿಂದ ಹೋಗುವ ಹದಿನೈದರೊಳಗಿನ ಮಗುವಿಗೆ ಇನ್ನೂ ಮೋಜು. ತಂದೆತಾಯಿ ಜೊತೆಗಿಲ್ಲದಿದ್ದರೆ ಅಂಥ ಮಗುವನ್ನು ಒಳಗೆ ಬಿಡಬಾರದು ಅಂತ ಅವರ ಕಾಯ್ದೆ. ಅರ್ಜಿ ಹಾಕಿ ಫೀ ಕಟ್ಟಿದರೆ ಆ ‘ಬಿಡಬಾರದು’ ಮನ್ನಾ. ಮೊದಲು ಬರಬೇಡ ಅಂದು, ಆಮೇಲೆ ಬಾ ಅನ್ನುವುದಕ್ಕೆ ರೊಕ್ಕ.

ಫ್ರಾನ್ಸಿನವರು ಇಂಥ ಪತ್ರ ಯಾಕೆ ಬೇಕು ಅಂತ 2013ರಲ್ಲಿ ಕಿತ್ತು ಹಾಕಿದರು. ಹರೆಯದ ಹುಡುಗರು ಮನೆಯಲ್ಲಿ ಹೇಳದೆ ಸಿರಿಯಾದ ಯುದ್ಧಕ್ಕೆ ಹೋಗತೊಡಗಿದ ಮೇಲೆ 2017ರ ಜನವರಿ 15ರಿಂದ ಮತ್ತೆ ತಂದರು. ದಕ್ಷಿಣ ಆಫ್ರಿಕದವರು 2015ರ ಜೂನಿನಲ್ಲಿ, ಬರುವ ಪ್ರತಿ ಮಗುವಿನ ಕೈಯಲ್ಲೂ ತಂದೆತಾಯಿ ಇಬ್ಬರ ಹೆಸರಿರುವ ಜನನಪತ್ರ ಇರಬೇಕು ಅಂದರು. ವಿಮಾನ ನಿಲ್ದಾಣಗಳಲ್ಲಿ ಸಂಸಾರ ಸಂಸಾರಗಳೇ ವಾಪಸಾದವು, ಪ್ರವಾಸದ ವ್ಯಾಪಾರದವರು ಬಾಯಿ ಬಡಿದುಕೊಂಡರು, 2019ರಲ್ಲಿ ಪರದೇಶದವರ ಮಟ್ಟಿಗೆ ಸಡಿಲ ಮಾಡಿದರು. ನಮ್ಮ ದೇಶದಲ್ಲಿ ಫಿಲಿಪ್ಪೀನ್ಸಿನಂಥ ಪ್ರತ್ಯೇಕ ಪರವಾನಗಿ ಇಲ್ಲ. ಪಾಸ್‌ಪೋರ್ಟು ಕೊಡುವಾಗಲೇ ಕೇಳಿ ಮುಗಿಸುತ್ತಾರೆ. ವಿಮಾನ ಕಂಪನಿಗಳು ಐದರಿಂದ ಹನ್ನೆರಡರ ಒಂಟಿ ಮಗುವಿಗೆ ಸಾಮಾನ್ಯವಾಗಿ ಬೇರೆ ಫಾರಂ ತುಂಬಿಸಿ, ಕೊರಳಿಗೆ ಚೀಟಿ ತೂಗಿಸಿ, ಕೈಯಿಂದ ಕೈಗೆ ಸಹಿ ಪಡೆದು ದಾಟಿಸುತ್ತವೆ. ನನ್ನ ಹೆಂಡತಿ ಇದನ್ನು ಕೇಳಿ ಹಿತ್ತಲ ಕಡೆ ನೋಡಿದಳು. ನಮ್ಮ ಎಮ್ಮೆಯ ಕಿವಿಯಲ್ಲಿ ಹಳದಿ ಬಿಲ್ಲೆ ಇದೆ, ಪಶು ಇಲಾಖೆಯವರು ಹೊಡೆದದ್ದು. 12 ಅಂಕಿ. ನನ್ನ ಆಧಾರಕ್ಕೂ 12 ಅಂಕಿ.

ಇದೆಲ್ಲ ನಗೆಯಾಡುವ ಮಾತು ಅಂತ ಬರೆಯುತ್ತಾ ಹೋದವನು ಇಲ್ಲಿ ತುಸು ನಿಲ್ಲಬೇಕು. ನಮ್ಮೂರಿಂದ ದೂರವಲ್ಲದ ಘಟಪ್ರಭಾದಲ್ಲಿ ಮಾಸ್ ಅನ್ನುವ ಸಂಸ್ಥೆ ಇದೆ: ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ದೇವದಾಸಿಯರಾಗಿದ್ದ ಹೆಣ್ಣುಮಕ್ಕಳೇ 1997ರಿಂದ ಕಟ್ಟಿ ನಡೆಸಿದ್ದು. ಅದನ್ನು ಮುನ್ನಡೆಸಿದ ಕಬ್ಬೂರಿನ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರಿಗೆ ಮುತ್ತು ಕಟ್ಟಿದಾಗ ಏಳು ವರ್ಷ. ಆ ಕಾಲದ ಇಂಥ ಮಕ್ಕಳನ್ನು ಕಳ್ಳರು ಕದ್ದು ಒಯ್ದದ್ದಲ್ಲ, ಮನೆಯವರೇ ಕೈಹಿಡಿದು ಕರೆದುಕೊಂಡು ಹೋದದ್ದು. ಇಲ್ಲಿಂದ ಪುಣೆಗೆ, ಮುಂಬೈಗೆ ಹೋದ ಎಷ್ಟೋ ಎಳೆಯ ಹೆಣ್ಣುಮಕ್ಕಳಿಗೂ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಒಬ್ಬ ‘ಮಾವ’ ಇದ್ದ. ‘ಇಳಿಸ್ರಿ, ಅಲ್ಲಿ ನಮ್ಮವರು ಬಂದು ನಿಂತಿರ್ತಾರ’ ಅಂತ ಅವನೂ ಹೇಳಿರಬೇಕು. ನನ್ನ ಮಾವ ಹೇಳಿದ್ದಕ್ಕೂ ಅವನು ಹೇಳಿದ್ದಕ್ಕೂ ಕಂಡಕ್ಟರನ ಕಿವಿಗೆ ವ್ಯತ್ಯಾಸ ತಿಳಿಯುವುದು ಹೇಗೆ? ಹಾಗಾಗಿ ಕಾಗದ ಕೇಳುವವರನ್ನು ನಾನು ಬಯ್ಯುವುದಿಲ್ಲ. ಆದರೆ ಹೆತ್ತವರ ಸಹಿ ಇದೆಯೇ ಅಂತ ನೋಡಿದರೆ ಮುಗಿಯಿತು ಅನ್ನುವವರನ್ನೂ ಪೂರ್ತಿ ನಂಬುವುದಿಲ್ಲ. ಅಷ್ಟೂ ದೇಶಗಳ ಫಾರಮ್ಮುಗಳಲ್ಲಿ ನಾನು ಹುಡುಕಿದ ಒಂದು ಸಾಲು ಸಿಗಲಿಲ್ಲ: ‘ನಿನಗೆ ಇವರು ಗೊತ್ತೇ, ತಂಗಿ?’

ಆ ಸಾಲು ಸಿಕ್ಕದ್ದು ರೈಲಿನಲ್ಲಿ.

ಬೆಂಗಳೂರಿಗೆ ಹೋಗಿ ಧಾರವಾಡದ ಹೆಣ್ಣುಮಗಳಿಂದ ಹುಡುಗಿಯನ್ನು ಕರೆದುಕೊಂಡೆ. ಕಾಗದವನ್ನು ಪ್ಲಾಸ್ಟಿಕ್ ಫೈಲಿನಲ್ಲಿಟ್ಟು ತಂದಿದ್ದರು. ತಾಲೂಕು ಮೂಡಲಗಿ ಆಗಿತ್ತು. ಹುಡುಗ ಬೈಕೊಂಡಾದರೂ ಹೊಸದು ಮಾಡಿಸಿದ್ದ. “ಎಲ್ಲ್ಯೂ ಯಾರೂ ಕೇಳಲಿಲ್ರಿ” ಅಂದರು ಆಕೆ. ಎರಡು ಖಂಡ ದಾಟಿ ಬಂದ ಶಿಕ್ಕಾವನ್ನು ಯಾರೂ ತೆರೆದು ನೋಡಿರಲಿಲ್ಲ. ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆವು.

ನನ್ನ ವೇಷ ಹೇಳುತ್ತೇನೆ: ಧೋತರ, ಬಿಳಿ ಅಂಗಿ, ಗಾಂಧಿ ಟೊಪ್ಪಿಗೆ, ಎರಡು ದಿನದ ಗಡ್ಡ. ಎದುರಿಗೆ ಜೀನ್ಸ್ ಹಾಕಿದ, ಇಂಗ್ಲಿಷ್ ಮಾತಾಡುವ ಹನ್ನೊಂದರ ಹುಡುಗಿ. ಅವಳ ಕೈಗೆ ನಾನು ಪೇಪರಿನಲ್ಲಿ ಸುತ್ತಿದ ಕರದಂಟಿನ ತುಂಡು ಕೊಡುತ್ತಿದ್ದೇನೆ, ತಿನ್ನು ತಿನ್ನು ಅನ್ನುತ್ತಿದ್ದೇನೆ. ರೈಲ್ವೆ ಸುರಕ್ಷಾ ದಳದ ಒಬ್ಬ ಹೆಣ್ಣುಮಗಳು ಡಬ್ಬಿಯೊಳಗೆ ಬಂದರು. ನಮ್ಮನ್ನು ದಾಟಿ ಹೋದರು. ತಿರುಗಿ ಬಂದರು. ಒಂಟಿ ಮಕ್ಕಳನ್ನು, ಸಂಶಯದ ಜೊತೆಯಿರುವ ಮಕ್ಕಳನ್ನು ಹುಡುಕಿ ಕಾಪಾಡಲು ಆ ದಳದವರು 2018ರಿಂದ ‘ನನ್ಹೇ ಫರಿಶ್ತೇ’ ಅಂತ ಕೆಲಸ ನಡೆಸಿದ್ದಾರೆ. ಅಂಥ ಮಗು ಸಿಕ್ಕರೆ ಇಪ್ಪತ್ನಾಲ್ಕು ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಅನ್ನುವುದು 2015ರ ಬಾಲನ್ಯಾಯ ಕಾಯ್ದೆ. ಇದೆಲ್ಲ ಓದಿಕೊಂಡಿದ್ದ ನನಗೆ ಒಳಗೊಳಗೆ ಹೆಮ್ಮೆ: ಬಂತು ನೋಡು, ಕಾಗದಕ್ಕೆ ಕೆಲಸ ಬಂತು!

“ಯಾರ್ರಿ ಈ ಹುಡುಗಿ?”

ಫೈಲು ತೆಗೆದೆ. ಒಪ್ಪಿಗೆ ಪತ್ರ, ನೋಟರಿ, ನನ್ನ ಆಧಾರ್, ಹೋಗುವಾಗ ಇರಲಿ ಅಂತ ಇಟ್ಟುಕೊಂಡಿದ್ದ ಪಿಂಚಣಿ ಪುಸ್ತಕ. ಅವರು ಪತ್ರದ ಮೇಲೆ ಕಣ್ಣಾಡಿಸಿ, ‘ಗ್ರ್ಯಾಂಡ್ ಅಂಕಲ್’ ಅನ್ನುವಲ್ಲಿ ತುಸು ನಿಂತು, ಮಡಚಿ ನನ್ನ ಕೈಗೇ ಕೊಟ್ಟರು. ಆಮೇಲೆ ಹುಡುಗಿಯ ಮುಂದೆ ಮೊಣಕಾಲೂರಿ ಕೂತು, ನನ್ನ ಕಡೆ ನೋಡದೆ, ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು: ಇವರು ಯಾರು? ನಿನಗೆ ಇವರ ಜೋಡಿ ಹೋಗಲು ಇಷ್ಟ ಇದೆಯಾ?

ಹುಡುಗಿ ನನ್ನನ್ನು ನೋಡಿತು. ಫೋನಿನ ಪರದೆ ಬಿಟ್ಟು ಅದು ನನ್ನನ್ನು ಕಂಡದ್ದು ಆ ಸಂಜೆಯೇ. ಕೈಯಲ್ಲಿ ಕರದಂಟು, ಹಲ್ಲಿಗೆ ಅಂಟು. ಉತ್ತರ ಬರುವುದು ತಡವಾಯಿತು. ಮೂವತ್ತಾರು ವರ್ಷ ಮಾಸ್ತರಿಕೆ ಮಾಡಿ ಹುಡುಗರ ಉತ್ತರಕ್ಕಾಗಿ ಕಾದವನು ನಾನು, ಅಷ್ಟು ಉದ್ದ ಯಾವತ್ತೂ ಕಾದಿರಲಿಲ್ಲ.

“ಅಜ್ಜ” ಅಂದಿತು ಕಡೆಗೆ, ಕನ್ನಡದಲ್ಲೇ. “ಹೂಂ, ಹೋಗ್ತೀನಿ.”

ಆ ಹೆಣ್ಣುಮಗಳು 1098 ಅಂತ ಒಂದು ನಂಬರು ಅವಳಿಗೆ ಬಾಯಿಪಾಠ ಮಾಡಿಸಿ, ನನಗೆ ನಮಸ್ಕಾರ ಹೇಳಿ ಮುಂದಿನ ಡಬ್ಬಿಗೆ ಹೋದರು. ಆ ಮುದುಕಿಯ ನೆನಪಾಯಿತು. ಆಕೆಯೂ ಕೇಳಿದ್ದು ನನ್ನನ್ನೇ.

ಹದಿನೈದು ದಿನ ಕಳೆಯುವುದರೊಳಗೆ ಹುಡುಗಿ ಎಮ್ಮೆಯ 12 ಅಂಕಿ ಬಾಯಿಪಾಠ ಮಾಡಿದ್ದಳು, ಮಾದಲಿಗೆ ತುಪ್ಪ ಕೇಳುತ್ತಿದ್ದಳು. ಒಂದು ದಿನ, ಮೂಡಲಗಿಯಲ್ಲಿರುವ ಅತ್ತೆಯ ಮನೆಗೆ ಒಬ್ಬಳೇ ಬಸ್ಸಿನಲ್ಲಿ ಹೋಗುತ್ತೇನೆ ಅಂದಳು. ಟೊರಾಂಟೊಕ್ಕೆ ಫೋನು ಹೋಯಿತು. ಅಲ್ಲಿ ನಡುರಾತ್ರಿ. ಅಪ್ಪ “ದೊಡ್ಡಪ್ಪ ಹೂಂ ಅಂದ್ರ ನಂದೂ ಹೂಂ” ಅಂದ, ಅವ್ವ “ಬ್ಯಾಡ” ಅಂದಳು. ‘ಅನುಬಂಧ ಡಿ’ ಇಬ್ಬರ ಸಹಿಯನ್ನೂ ಯಾಕೆ ಕೇಳುತ್ತದೆ ಅಂತ ನನಗೆ ಆಗ ತಿಳಿಯಿತು. ಅರ್ಧ ತಾಸಿನ ಮೇಲೆ ಆಕೆಯೂ ಒಪ್ಪಿದಳು, ಅತ್ತೆ ಮೂಡಲಗಿ ಸ್ಟ್ಯಾಂಡಿನಲ್ಲಿ ಬಸ್ಸು ಬರುವ ಮೊದಲೇ ನಿಂತಿರಬೇಕು ಅನ್ನುವ ಕರಾರಿನ ಮೇಲೆ.

ಬಸ್ಸು ಬಂತು. ಈಗ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯದು. ಕಂಡಕ್ಟರ್ ಚಿಕ್ಕ ಹುಡುಗ.

“ತಮ್ಮಾ, ನಮ್ಮ ಮೊಮ್ಮಗಳು ಒಬ್ಬಾಕಿನ ಅದಾಳ. ಮೂಡಲಗಿಗೆ ಇಳಿಸಪಾ, ಅವರತ್ತಿ ಬಂದು ನಿಂತಿರ್ತಾಳ. ಮೂಡಲಗಿ ತಾಲೂಕು, ಬೆಳಗಾವಿ ಜಿಲ್ಲಾ.”

“ಅಜ್ಜಾರ, ಮೂಡಲಗಿ ಒಂದ ಐತ್ರಿ” ಅಂದ ಅವನು. “ಆಧಾರ್ ಕಾರ್ಡ್ ಐತೇನ್ರಿ? ಹೆಣ್ಣುಮಕ್ಕಳಿಗೆ ಫ್ರೀ ಅದ.”

2023ರ ಜೂನ್ 11ರಿಂದ ನಮ್ಮ ಹೆಣ್ಣುಮಕ್ಕಳಿಗೆಲ್ಲ ಸಾದಾ ಬಸ್ಸು ಪುಕ್ಕಟೆ, ಆದರೆ ಕರ್ನಾಟಕದವರಿಗೆ ಮಾತ್ರ. ಹುಡುಗಿಯ ಹತ್ತಿರ ಕೆನಡಾದ ಪಾಸ್‌ಪೋರ್ಟಿನ ಝೆರಾಕ್ಸ್ ಇತ್ತು. ಅವನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಮಶೀನಿನಿಂದ ಅರ್ಧ ಟಿಕೆಟ್ ತೆಗೆದು ಕೊಟ್ಟ. ಬಾಗಿಲ ಬಳಿಯ ಸೀಟು ಬಿಡಿಸಿ ಕೂಡಿಸಿದ. ಕಾಲು ತಾಸಿನ ಮೇಲೆ, ಮುಟ್ಟಿದಳು ಅಂತ ಅತ್ತೆಯ ಫೋನು ಬಂತು. ಆ ಕಾಲು ತಾಸು ನಾನು ಕಟ್ಟೆಯಿಂದ ಎದ್ದಿರಲಿಲ್ಲ.

ನೀವೂ ನಿಮ್ಮ ಮಕ್ಕಳನ್ನು ಸೂಟಿಗೆ ನಮ್ಮೂರ ಕಡೆ ಕಳಿಸುವುದಿದ್ದರೆ ಕಳಿಸಿರಿ, ಕಬ್ಬಿನ ದಿನಗಳಲ್ಲಿ ಬಂದರೆ ಇನ್ನೂ ಚಲೋ. ಕಂಡಕ್ಟರಿಗೆ ಮಾತ್ರ ತಾಲೂಕು ಹೇಳಿ ಹತ್ತಿಸಿರಿ: ಮೂಡಲಗಿ. ಗೋಕಾಕ ಅಂದರೂ ನಡೆದೀತು. ಹುಕ್ಕೇರಿ ಅಂತ ಮಾತ್ರ ಅನ್ನಬೇಡಿರಿ. ಅಲ್ಲಿಯ ನಾಗನೂರಿನಲ್ಲಿ ಆ ಮುದುಕಿ ಈಗ ಇಲ್ಲ.